'ಐ ಡೋಂಟ್ ಗೆಟ್ ದಿಸ್ ಬಿಲ್' ಅಂದ್ರೆ ಬಿಲ್ ಬಂದಿಲ್ಲ ಅಂತಾನಾ? ಈ 'ಗೆಟ್' ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ

ಹದಡಿ ರೋಡ್:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಒಂದು ಸಣ್ಣ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಪಂಪಿನ ಬಿಡಿಭಾಗ ಮಾಡುತ್ತೇವೆ. ಈಗ ಇಂಗ್ಲೆಂಡಿನ ಒಬ್ಬ ಗಿರಾಕಿ ಸಿಕ್ಕಿದ್ದಾನೆ. ಮನುಷ್ಯ ಒಳ್ಳೆಯವನೇ, ಆದರೆ ಅವನ ಮೆಸೇಜಲ್ಲಿ ಸಾಲಿಗೊಂದು 'ಗೆಟ್' ಇರುತ್ತೆ, ಒಂದೊಂದು ಸಾಲಲ್ಲಿ ಒಂದೊಂದು ಅರ್ಥ.

ಹೋದ ವಾರ 'ಐ ಡೋಂಟ್ ಗೆಟ್ ದಿಸ್ ಬಿಲ್' ಅಂತ ಕಳಿಸಿದ. ನಮ್ಮ ಓನರ್ ನೋಡಿ, 'ಬಿಲ್ ತಲುಪಿಲ್ಲ ಅಂತೆ, ಇನ್ನೊಂದು ಸಲ ಕಳಿಸು' ಅಂದರು. ಕಳಿಸಿದೆ. ಮತ್ತೆ ಅದೇ ಮೆಸೇಜ್. ಮತ್ತೆ ಕಳಿಸಿದೆ. ಕೊನೆಗೆ ಅವನು 'ಐ ಗಾಟ್ ಇಟ್, ಬಟ್ ಐ ಡೋಂಟ್ ಗೆಟ್ ಇಟ್' ಅಂತ ಬರೆದ. ಓನರ್ ಫೋನನ್ನ ನನ್ನ ಕೈಗೆ ಕೊಟ್ಟು ಟೀ ಕುಡಿಯೋಕೆ ಹೋದರು.

ಇನ್ನೂ ಇದೆ. 'ಐ ವಿಲ್ ಗೆಟ್ ಬ್ಯಾಕ್ ಟು ಯೂ' ಅಂದಾಗ ಮಾಲು ವಾಪಸ್ ಕಳಿಸ್ತಾನೆ ಅಂತ ಅರ್ಧ ದಿನ ಎಲ್ಲರೂ ಗಾಬರಿ. 'ಡಿಡ್ ಯೂ ಗೆಟ್ ದಿ ಸೀಲ್ಸ್ ಚೆಕ್ಡ್' ಅಂದರೆ ಸೀಲು ನಮಗೆ ಸಿಕ್ತಾ ಅಂತ ಕೇಳ್ತಿದ್ದಾನೋ, ನಾವು ಚೆಕ್ ಮಾಡಿದೆವಾ ಅಂತ ಕೇಳ್ತಿದ್ದಾನೋ? ನಿಘಂಟು ತೆಗೆದರೆ ಈ ಒಂದು ಪದಕ್ಕೆ ಅರ್ಥಗಳ ಪಟ್ಟಿ ಮುಗಿಯೋದೇ ಇಲ್ಲ, ಓದ್ತಾ ಓದ್ತಾ ಮೊದಲಿನದ್ದು ಮರೆತು ಹೋಗುತ್ತೆ. ಪಟ್ಟಿ ಬೇಡ. ನಮ್ಮ ಭಾಷೆಯಲ್ಲಿ ಯೋಚನೆ ಮಾಡಿ ಹಿಡಿದುಕೊಳ್ಳೋ ದಾರಿ ಯಾವುದಾದರೂ ಇದ್ದರೆ ತಿಳಿಸಿ.

ಮಂಡಿಪೇಟೆ:

ಗೆಟ್ ಅಂದ್ರೆ ಸಿಗೋದು. ಅಷ್ಟೇ ಕಣ್ರೀ. ಸಾಮಾನು ಸಿಕ್ತು, ದುಡ್ಡು ಸಿಕ್ತು, ಅರ್ಥ ಸಿಕ್ತು. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಹೊಳಲ್ಕೆರೆ ಮೇಷ್ಟ್ರು:

ಮಂಡಿಪೇಟೆಯವರು ಹೇಳಿದ್ದು ಅರ್ಧ ನಿಜ. ಶುರು ಮಾಡೋಕೆ 'ಸಿಗು' ಒಳ್ಳೆಯದು. ಆದರೆ ಅದರ ಜೊತೆ ಇನ್ನೂ ಎರಡು ಬೇಕು, 'ಆಗು' ಮತ್ತು 'ಮಾಡಿಸು'. ಈ ಮೂರನ್ನು ಕೈಯಲ್ಲಿ ಹಿಡಿದುಕೊಂಡರೆ ಗಿರಾಕಿಯ ಮೆಸೇಜ್ ಮುಕ್ಕಾಲು ಪಾಲು ಬಿಡಿಸಬಹುದು.

ಮೊದಲು 'ಸಿಗು'. ಇಲ್ಲಿ ಒಂದು ಗುಂಡಿ ಇದೆ. ನಾವು 'ನನಗೆ ಟಿಕೆಟ್ ಸಿಗಲಿಲ್ಲ' ಅಂತೇವೆ. ಈ ವಾಕ್ಯದಲ್ಲಿ ಯಜಮಾನ ಟಿಕೆಟ್ಟು, ಸಿಗದೆ ಇರೋದು ಅದು, ನಾನು ಪಕ್ಕದಲ್ಲಿ 'ಗೆ' ಹಚ್ಚಿಕೊಂಡು ನಿಂತಿರುತ್ತೇನೆ. ಇಂಗ್ಲಿಷಿನಲ್ಲಿ ಇದು ತಿರುಗಾಮುರುಗಾ. ಅಲ್ಲಿ ಪಡೆಯುವವನೇ ಯಜಮಾನ: 'ಐ ಡಿಡಂಟ್ ಗೆಟ್ ಎ ಟಿಕೆಟ್'. ನಮ್ಮ ಮಕ್ಕಳು 'ಟಿಕೆಟ್ ಈಸ್ ನಾಟ್ ಗೆಟಿಂಗ್', 'ನೆಟ್‌ವರ್ಕ್ ಈಸ್ ನಾಟ್ ಗೆಟಿಂಗ್' ಅನ್ನೋದು ಇದಕ್ಕೇ. ದಡ್ಡತನ ಅಲ್ಲ ಅದು. ಕನ್ನಡದ ವ್ಯಾಕರಣ ಸರಿಯಾಗಿ ಕೆಲಸ ಮಾಡ್ತಿದೆ, ತಪ್ಪಾದ ಜಾಗದಲ್ಲಿ. 'ನನಗೆ ಕೋಪ ಬಂತು, ಜ್ವರ ಬಂತು' ಅನ್ನುವಾಗಲೂ ಹಾಗೇ. ಕನ್ನಡದಲ್ಲಿ ಕೋಪ ನಡೆದುಕೊಂಡು ನಮ್ಮ ಹತ್ತಿರ ಬರುತ್ತೆ, ಇಂಗ್ಲಿಷಿನಲ್ಲಿ ನಾವೇ ಹೋಗಿ ತಂದುಕೊಂಡ ಹಾಗೆ 'ಐ ಗಾಟ್ ಆಂಗ್ರಿ'. ಆದ್ದರಿಂದ 'ನನಗೆ' ಅಂತ ಶುರುವಾಗೋ ವಾಕ್ಯ ಬಾಯಿಗೆ ಬಂದಾಗ ಅದನ್ನು ಮೊದಲು 'ನಾನು' ಮಾಡಿ, ಆಮೇಲೆ 'ಗೆಟ್' ಹಚ್ಚಿ.

ನಿಮ್ಮ ಬಿಲ್ಲಿನ ವಿಷಯ. 'ಡಿಡಂಟ್ ಗೆಟ್' ಅಂದಿದ್ದರೆ ತಲುಪಲಿಲ್ಲ ಅಂತ ಓದಬಹುದಿತ್ತು. ಅವನು ಬರೆದದ್ದು 'ಡೋಂಟ್ ಗೆಟ್'. ಬರೋದು ಒಂದು ಸಲ ನಡೆದು ಮುಗಿಯುವ ಕೆಲಸ, ಅದಕ್ಕೆ ಭೂತಕಾಲ ಬೇಕು. ಅರ್ಥವಾಗದೆ ಇರೋದು ಈಗಲೂ ಇರುವ ಸ್ಥಿತಿ. ಅದಕ್ಕೇ 'ಡೋಂಟ್'. ಅಂದರೆ ಬಿಲ್ ಅವನ ಕೈಯಲ್ಲೇ ಇದೆ, ಅದರಲ್ಲಿ ಏನೋ ತಲೆಗೆ ಹೋಗುತ್ತಿಲ್ಲ. ತೆರಿಗೆ ಸಾಲು ಒಂದು ಸಲ ನೋಡಿ, ಬಹುಶಃ ಅಲ್ಲೇ ತೊಡಕು.

'ಆಗು' ಇನ್ನೂ ಸುಲಭ. ಕತ್ತಲಾಯ್ತು, 'ಇಟ್ ಗಾಟ್ ಡಾರ್ಕ್'. ತಡ ಆಗ್ತಿದೆ, 'ಇಟ್ಸ್ ಗೆಟಿಂಗ್ ಲೇಟ್'. ಮದುವೆ ಆಯ್ತು, 'ಗಾಟ್ ಮ್ಯಾರೀಡ್'. ವರ್ಗ ಆಯ್ತು, 'ಗಾಟ್ ಟ್ರಾನ್ಸ್‌ಫರ್ಡ್'. ಮದುವೆ ಆಗಿದೆ ಅನ್ನೋದು ಸ್ಥಿತಿ, ಅದಕ್ಕೆ 'ಐ ಆಮ್ ಮ್ಯಾರೀಡ್' ಸಾಕು. ಆಯ್ತು ಅನ್ನೋದು ನಡೆದ ಸಂಗತಿ, ಅಲ್ಲಿ 'ಗಾಟ್'. ಹಾಗಂತ ಎಲ್ಲಾ 'ಆಯ್ತು'ಗೂ ಇದನ್ನು ಹಚ್ಚಬೇಡಿ. ಹುಡುಗ ಡಾಕ್ಟರ್ ಆದ ಅಂದರೆ 'ಹಿ ಗಾಟ್ ಡಾಕ್ಟರ್' ಅಲ್ಲ, 'ಬಿಕೇಮ್ ಎ ಡಾಕ್ಟರ್'. ಮುಂದೆ ಬರೋದು ಗುಣವಾಚಕ ಆದರೆ 'ಗೆಟ್', ನಾಮಪದ ಆದರೆ 'ಬಿಕಮ್'. ಇನ್ನು ಕೆಲವು ಕಡೆ ಇಂಗ್ಲಿಷಿನಲ್ಲಿ ಬೇರೆ ಕ್ರಿಯಾಪದವೇ ಇರುತ್ತೆ. ನಮ್ಮ ಮಾರಿಕಣಿವೆ 1933ರಲ್ಲಿ ಭರ್ತಿ ಆಗಿದ್ದು, ಆಮೇಲೆ 2022ರಲ್ಲಿ ಮತ್ತೆ ಭರ್ತಿ ಆಗಿ ಕೋಡಿ ಬಿತ್ತಲ್ಲ, ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ 'ದಿ ಡ್ಯಾಮ್ ಫಿಲ್ಡ್ ಅಪ್' ಅಂದರೆ ಚೆನ್ನ. 'ಗಾಟ್ ಫುಲ್' ಅಂದರೆ ಅರ್ಥ ಆಗುತ್ತೆ, ಕಿವಿಗೆ ಒರಟು.

'ಮಾಡಿಸು' ಬಗ್ಗೆ ರಾತ್ರಿ ಬರೆಯುತ್ತೇನೆ. ನೀರು ಬಂತು, ಮೋಟರ್ ಹಾಕಬೇಕು.

ದುರ್ಗದ ಹುಡುಗಿ:

ಮೇಷ್ಟ್ರು ಬರೋವರೆಗೂ ನಾನು ಬಸ್ಸಿನ 'ಗೆಟ್' ಬಗ್ಗೆ ಹೇಳಿಬಿಡ್ತೀನಿ. ನಾನು ಬೆಂಗಳೂರಲ್ಲಿ ಕೆಲಸ ಮಾಡೋದು, ಹೊರದೇಶದವರ ಜೊತೆ ದಿನಾ ಫೋನಲ್ಲಿ ಮಾತು.

ನಾವು 'ಐ ವಿಲ್ ಗೆಟ್ ಡೌನ್ ಅಟ್ ಹಿರಿಯೂರು' ಅಂತೀವಿ ಅಲ್ವಾ. ಅಲ್ಲಿನವರು ಬಸ್ಸಿಗೆ 'ಗೆಟ್ ಡೌನ್' ಅನ್ನಲ್ಲ, 'ಗೆಟ್ ಆಫ್' ಅಂತಾರೆ. ಮರದಿಂದಲೋ ಏಣಿಯಿಂದಲೋ ಇಳಿಯೋದಾದರೆ 'ಗೆಟ್ ಡೌನ್' ಸರಿ. ಗುಂಡು ಹಾರಿದಾಗ ನೆಲಕ್ಕೆ ಬಗ್ಗು ಅನ್ನೋಕೂ ಅದೇ ಮಾತು! ಕಾರಿಗೆ ಇನ್ನೂ ಬೇರೆ, 'ಗೆಟ್ ಇನ್, ಗೆಟ್ ಔಟ್'. ಕನ್ನಡದಲ್ಲಿ ಬಸ್ಸು, ಕಾರು, ಆಟೋ, ಬೈಕು, ರೈಲು ಎಲ್ಲದಕ್ಕೂ ಹತ್ತೋದು ಇಳಿಯೋದು ಅಷ್ಟೇ, ಎಷ್ಟು ಆರಾಮ. ನಾನು ನೆನಪಿಟ್ಟುಕೊಳ್ಳೋದು ಹೀಗೆ. ಒಳಗೆ ನಿಂತು ಓಡಾಡಬಹುದಾದರೆ 'ಆನ್', 'ಆಫ್'. ತಲೆ ಬಗ್ಗಿಸಿ ತೂರಿಕೊಂಡು ಕೂರಬೇಕಾದರೆ 'ಇನ್', 'ಔಟ್'. ಬಸ್ಸು, ರೈಲು, ವಿಮಾನ ಮೊದಲನೇ ಗುಂಪು. ಕಾರು, ಆಟೋ ಎರಡನೇದು. ಬೈಕು ಕುದುರೆಗಳ ಮೇಲೆ ಕೂರೋದರಿಂದ ಅದಕ್ಕೂ 'ಆನ್', 'ಆಫ್'.

ಏಳೋದರಲ್ಲೂ ಎರಡಿದೆ. 'ವೇಕ್ ಅಪ್' ಅಂದರೆ ಎಚ್ಚರ ಆಗೋದು, 'ಗೆಟ್ ಅಪ್' ಅಂದರೆ ಹಾಸಿಗೆ ಬಿಟ್ಟು ಏಳೋದು. ಭಾನುವಾರ ಈ ಎರಡರ ಮಧ್ಯೆ ನನಗೆ ಎರಡು ಗಂಟೆ ಹಿಡಿಯುತ್ತೆ.

'ಗೆಟ್ ಬ್ಯಾಕ್ ಟು ಯೂ' ಅಂದ್ರೆ ಆಮೇಲೆ ತಿಳಿಸ್ತೀನಿ ಅಂತ. ಮಾಲು ವಾಪಸ್ ಅಲ್ಲ, ಓನರ್‌ಗೆ ಧೈರ್ಯ ಹೇಳಿ. ಆದರೆ ಇನ್ನೊಂದು ಮಾತು. ಕೆಲವರು ಮುಖಕ್ಕೆ ಬೇಡ ಅನ್ನೋಕೆ ಆಗದೆ ಹೀಗೆ ಹೇಳಿ ಜಾರಿಕೊಳ್ತಾರೆ. ನಮ್ಮವರು 'ನೋಡೋಣ ಬಿಡಿ' ಅಂದ ಹಾಗೆ.

ಮಂಡಿಪೇಟೆ:

ಅಕ್ಕ, ನಮ್ಮ ಕಂಡಕ್ಟರ್‌ಗೆ 'ಗೆಟ್ ಆಫ್' ಅಂದರೆ ಬೈದರು ಅಂದ್ಕೊಂಡು ಅಲ್ಲೇ ಇಳಿಸ್ತಾನೆ. ಇಡೀ ಇಂಡಿಯಾ 'ಗೆಟ್ ಡೌನ್' ಅನ್ನುತ್ತೆ, ಎಲ್ಲರಿಗೂ ಅರ್ಥ ಆಗುತ್ತೆ. ಇನ್ನು ಅದು ತಪ್ಪು ಹೇಗೆ?

ದುರ್ಗದ ಹುಡುಗಿ:

ತಪ್ಪು ಅಂತ ಹೇಳಿಲ್ಲಣ್ಣ. ಇಲ್ಲಿ ಇದೇ ಸರಿ, ನಾನೂ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದರೆ 'ಗೆಟ್ ಡೌನ್' ಅಂತಲೇ ಹೇಳ್ತೀನಿ. ಕೇಳಿದವರ ಗಿರಾಕಿ ಇಂಗ್ಲೆಂಡಿನವನು, ಅದಕ್ಕೆ ಅಲ್ಲಿನ ಬಳಕೆ ಹೇಳಿದೆ. ಜಗಳ ಬೇಡ, ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ.

ಹರಿಹರದವ:

ಮಧ್ಯೆ ಬಾಯಿ ಹಾಕ್ತಿದ್ದೇನೆ. 'ಗೆಟ್' ನಮಗೆ ಹೊಸಬ ಏನಲ್ಲ. 'ಆ ನಟನ ಗೆಟಪ್ ನೋಡಿದ್ಯಾ' ಅಂತ ಇಂಗ್ಲಿಷ್ ಓದದವರೂ ಹೇಳ್ತಾರೆ. ದಾವಣಗೆರೆ ಕಡೆ ನಾಟಕ ನೋಡಿ ಬೆಳೆದವರಿಗಂತೂ ಈ ಪದ ಕನ್ನಡದ್ದೇ. ಕೆ.ಬಿ.ಆರ್. ಡ್ರಾಮಾ ಕಂಪನಿ, ಚಿಂದೋಡಿ ಲೀಲಾ ಅವರ ಊರಲ್ವಾ ಇದು. ವೇಷ ಅಂದರೆ ಪೂರ್ತಿ ಬರಲ್ಲ. ವೇಷ, ಕೂದಲು, ಮೀಸೆ, ನಿಲ್ಲೋ ಗತ್ತು ಎಲ್ಲಾ ಸೇರಿದರೆ ಗೆಟಪ್. ಆಮೇಲೆ ಸಿನಿಮಾದ ಅಪ್ಪಂದಿರು ಮಗನಿಗೆ ಹೇಳೋ 'ಗೆಟೌಟ್'. ಹಳೇ ವಿದ್ಯಾರ್ಥಿಗಳ 'ಗೆಟ್ ಟುಗೆದರ್'. ಈ ಮೂರರಲ್ಲಿ ಯಾವುದಕ್ಕೂ 'ಸಿಗು' ಹೊಂದಲ್ಲ ಮಂಡಿಪೇಟೆಯವರೇ.

ಹೊಳಲ್ಕೆರೆ ಮೇಷ್ಟ್ರು:

ಬಂದೆ. 'ಮಾಡಿಸು'. ನಿಮಗೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರೋದು ಇದೇ ಅಂತ ನನ್ನ ಅನಿಸಿಕೆ.

ಕನ್ನಡದಲ್ಲಿ ಮಾಡು, ಮಾಡಿಸು. ಹೊಲಿ, ಹೊಲಿಸು. ಕಟ್ಟು, ಕಟ್ಟಿಸು. ಒಂದು 'ಇಸು' ಸೇರಿಸಿದರೆ ಕೆಲಸ ನಾನು ಮಾಡಲಿಲ್ಲ, ಬೇರೆಯವರ ಕೈಲಿ ಆಯ್ತು ಅಂತ ಗೊತ್ತಾಗುತ್ತೆ. ಎಷ್ಟು ಚೊಕ್ಕ ನೋಡಿ. ಇಂಗ್ಲಿಷಿಗೆ ಈ ಬಾಲ ಇಲ್ಲ. ಅವರು ಆ ಕೆಲಸವನ್ನು 'ಗೆಟ್' ಹತ್ತಿರ ಮಾಡಿಸುತ್ತಾರೆ. 'ಬೈಕ್ ರಿಪೇರಿ ಮಾಡಿಸಿದೆ' ಅನ್ನೋದಕ್ಕೆ 'ಐ ಗಾಟ್ ಮೈ ಬೈಕ್ ರಿಪೇರ್ಡ್'. 'ಬ್ಲೌಸ್ ಹೊಲಿಸಿದೆ' ಅನ್ನೋದಕ್ಕೆ 'ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್'. ವಸ್ತು ನಡುವೆ ಬರುತ್ತೆ, ಕ್ರಿಯಾಪದದ ಮೂರನೇ ರೂಪ ಕೊನೆಗೆ.

ವಿಚಿತ್ರ ಏನಂದರೆ, ಈ ಭೇದ ನಮ್ಮ ಭಾಷೆಯಲ್ಲೇ ಇಷ್ಟು ಸ್ಪಷ್ಟವಾಗಿದ್ದರೂ ಇಂಗ್ಲಿಷ್ ಮಾತಾಡುವಾಗ ನಮ್ಮವರು ಅದನ್ನು ಬಿಟ್ಟೇಬಿಡ್ತಾರೆ. 'ಐ ರಿಪೇರ್ಡ್ ಮೈ ಬೈಕ್' ಅಂತಾರೆ. ಕೇಳಿದ ಹೊರಗಿನವನು ಓಹೋ ಇವನಿಗೆ ಮೆಕ್ಯಾನಿಕ್ ಕೆಲಸವೂ ಬರುತ್ತೆ ಅಂದುಕೊಳ್ತಾನೆ. 'ಐ ಟುಕ್ ಔಟ್ ಮೈ ಟೂತ್' ಅಂದರಂತೂ ಹೆದರಿ ಓಡ್ತಾನೆ. ಹಲ್ಲು ಕೀಳಿಸಿದೆ ಅನ್ನೋಕೆ 'ಐ ಗಾಟ್ ಮೈ ಟೂತ್ ಟೇಕನ್ ಔಟ್' ಅನ್ನಿ.

ಎಲ್ಲಾ ಕಡೆಯೂ ಇಷ್ಟು ಬಿಗಿ ಇಲ್ಲ. ದುರ್ಗದ ಕೋಟೆ ನಾಯಕರು ಕಟ್ಟಿಸಿದ್ದು. ಇಂಗ್ಲಿಷಿನಲ್ಲಿ 'ಬಿಲ್ಟ್' ಅಂದರೆ ಸಾಕು, ನಾಯಕರೇ ಕಲ್ಲು ಹೊತ್ತರು ಅಂತ ಯಾರೂ ತಿಳಿಯಲ್ಲ. ಮನೆ ಕಟ್ಟಿದೆ ಅಂತ ನಾವೂ ಹೇಳ್ತೀವಿ, ಗಾರೆ ಹಿಡಿದವರು ಬೇರೆಯವರು. ಕೇಳುವವನಿಗೆ ಅನುಮಾನ ಬರೋ ಜಾಗದಲ್ಲಿ ಮಾತ್ರ 'ಗಾಟ್' ಹಾಕಿದರೆ ಆಯ್ತು.

ಆದ್ದರಿಂದ 'ಡಿಡ್ ಯೂ ಗೆಟ್ ದಿ ಸೀಲ್ಸ್ ಚೆಕ್ಡ್' ಅಂದರೆ 'ಸೀಲು ಚೆಕ್ ಮಾಡಿಸಿದ್ರಾ' ಅಂತ ಪ್ರಶ್ನೆ. ಕೊನೆಯ 'ಚೆಕ್ಡ್' ನೋಡಿದ ತಕ್ಷಣ 'ಇಸು' ನೆನಪಾಗಬೇಕು. ಯಾರ ಕೈಲಿ ಮಾಡಿಸಿದಿರಿ ಅಂತಲೂ ಹೇಳಬೇಕಾದರೆ ರೂಪ ಬದಲಾಗುತ್ತೆ: 'ಐ ಗಾಟ್ ದಿ ಫಿಟ್ಟರ್ ಟು ಚೆಕ್ ಇಟ್'. ಮನುಷ್ಯ ನಡುವೆ ಬಂದಾಗ 'ಟು' ಬೇಕು. ಸ್ವಲ್ಪ ಹೇಳಿ, ಒಪ್ಪಿಸಿ ಮಾಡಿಸಿದೆ ಅನ್ನೋ ಛಾಯೆಯೂ ಇದೆ ಅಲ್ಲಿ. ಅದೇ 'ಮೇಡ್ ಹಿಮ್ ಚೆಕ್ ಇಟ್' ಅಂದರೆ ಜೋರು ಮಾಡಿ ಮಾಡಿಸಿದ ಹಾಗೆ, ಮತ್ತೆ ಅಲ್ಲಿ 'ಟು' ಇಲ್ಲ.

ಹದಡಿ ರೋಡ್:

ಮೇಷ್ಟ್ರೇ, ತುಂಬಾ ಉಪಕಾರ ಆಯ್ತು. ತೆರಿಗೆ ಸಾಲು ಅಂತ ಹೇಳಿದ್ರಲ್ಲ, ಅದೇ ತೊಡಕು. ಅದನ್ನು ಬಿಡಿಸಿ ಬರೆದೆ, 'ಗಾಟ್ ಇಟ್ ನೌ, ಥ್ಯಾಂಕ್ಸ್' ಅಂತ ಬಂತು.

ಇನ್ನೊಂದು ಪ್ರಶ್ನೆ. ಅವನು ಒಂದು ಕಡೆ 'ವಿ ಹ್ಯಾವ್ ಗಾಟ್ ಟು ಶಿಪ್ ಬೈ ಫ್ರೈಡೇ' ಅಂತಾನೆ. ಇನ್ನೊಂದು ಕಡೆ, ಹೋದ ವರ್ಷ ಇಂಡಿಯಾಕ್ಕೆ ಬಂದಾಗ 'ಐ ಗಾಟ್ ಟು ಸೀ ಹಂಪಿ' ಅಂತಾನೆ. ಎರಡರಲ್ಲೂ 'ಗಾಟ್ ಟು'. ಮೊದಲನೇದು ಮಾಡಲೇಬೇಕು ಅಂತ ಅಂದ್ಕೊಂಡರೆ, ಹಂಪಿ ನೋಡಲೇಬೇಕಾಯ್ತು ಅಂತ ಯಾರೋ ಬಲವಂತ ಮಾಡಿದ್ರಾ ಅವನಿಗೆ?

ದುರ್ಗದ ಹುಡುಗಿ:

ಹಹ್ಹ, ಇಲ್ಲ. ಇದಕ್ಕೆ ಕನ್ನಡವೇ ಉತ್ತರ ಕೊಡುತ್ತೆ. 'ಹಂಪಿ ನೋಡೋಕೆ ಸಿಕ್ತು' ಅಂತೀವಲ್ಲ, ಪದಕ್ಕೆ ಪದ ಅದೇ: 'ಗಾಟ್ ಟು ಸೀ'. ಅವಕಾಶ ಸಿಕ್ತು, ಖುಷಿ ಆಯ್ತು. 'ಹ್ಯಾವ್ ಗಾಟ್ ಟು' ಅಂತ 'ಹ್ಯಾವ್' ಜೊತೆ ಬಂದರೆ ಮಾತ್ರ 'ಲೇಬೇಕು'. ತೊಂದರೆ ಏನಂದರೆ ಮಾತಾಡುವಾಗ ಆ 'ಹ್ಯಾವ್' ನುಂಗಿಬಿಡ್ತಾರೆ, 'ಗಾಟ ಗೋ' ಅಂತ ಕೇಳಿಸುತ್ತೆ. ಮುಗಿದ ಕಥೆ ಹೇಳ್ತಿದ್ದರೆ ಅವಕಾಶ, ಈಗಿನ ಅಥವಾ ಮುಂದಿನ ಕೆಲಸ ಹೇಳ್ತಿದ್ದರೆ ಬಲವಂತ ಅಂತ ತಿಳ್ಕೊಳ್ಳಿ. ಶುಕ್ರವಾರದೊಳಗೆ ಮಾಲು ಹೋಗಲೇಬೇಕು, ಅದನ್ನ ಮರೀಬೇಡಿ.

ಪಿಯು ಎರಡನೇ ವರ್ಷ:

ಸರ್, ನಮ್ಮ ಇಂಗ್ಲಿಷ್ ಲೆಕ್ಚರರ್ ಎಸ್ಸೇಲಿ 'ಗೆಟ್' ಕಂಡ ಕಡೆ ಎಲ್ಲಾ ಕೆಂಪು ಗೆರೆ ಎಳೀತಾರೆ. 'ರಿಸೀವ್ಡ್', 'ಅಬ್ಟೇನ್ಡ್' ಬರೀರಿ ಅಂತಾರೆ. ಇಷ್ಟು ಉಪಯೋಗ ಇರೋ ಪದ ಬರೆದರೆ ಮಾರ್ಕ್ಸ್ ಯಾಕೆ ಹೋಗುತ್ತೆ? ಮತ್ತೆ ಅಮೆರಿಕದ ಸೀರೀಸ್‌ನಲ್ಲಿ 'ಗಾಟನ್' ಅಂತಾರಲ್ಲ, ಅದನ್ನ ಬರೆದರೂ ಗೆರೆನಾ?

ಹೊಳಲ್ಕೆರೆ ಮೇಷ್ಟ್ರು:

ನಿಮ್ಮ ಲೆಕ್ಚರರ್ ಹೇಳೋದರಲ್ಲಿ ಕಾರಣ ಇದೆ ಮಗ, ಆದರೆ ಸ್ವಲ್ಪ ಅತಿ ಆಯ್ತು. 'ಗೆಟ್' ಮಾತಿನ ಪದ. ಅರ್ಜಿ, ವರದಿ, ಪ್ರಬಂಧದಲ್ಲಿ 'ನಿಮ್ಮ ಪತ್ರ ತಲುಪಿತು' ಅನ್ನೋಕೆ 'ರಿಸೀವ್ಡ್' ಬರೆಯೋದೇ ಲಕ್ಷಣ. ಹಾಗಂತ ಎಲ್ಲವನ್ನೂ ಬದಲಾಯಿಸೋಕೆ ಹೋದರೆ ನಗೆಪಾಟಲು. 'ಗಾಟ್ ಮ್ಯಾರೀಡ್' ತೆಗೆದು 'ಅಬ್ಟೇನ್ಡ್ ಮ್ಯಾರೇಜ್' ಬರೆದರೆ ತಾಲ್ಲೂಕು ಆಫೀಸಿನಲ್ಲಿ ಸರ್ಟಿಫಿಕೇಟ್ ಮಾಡಿಸಿಕೊಂಡು ಬಂದ ಹಾಗೆ ಕೇಳುತ್ತೆ. ಪರೀಕ್ಷೆ ಮುಗಿಯೋವರೆಗೂ ಅವರು ಹೇಳಿದ ಹಾಗೆ ಬರೀ, ಮಾರ್ಕ್ಸ್ ಮುಖ್ಯ. ಒಂದು ಮಾತ್ರ ನೋಡ್ಕೋ, 'ಮ್ಯಾರೀಡ್ ವಿತ್' ಬರೀಬೇಡ, 'ಮ್ಯಾರೀಡ್ ಟು'. ನಮ್ಮ 'ಜೊತೆ' ಅಲ್ಲಿ 'ಟು' ಆಗುತ್ತೆ.

'ಗಾಟನ್' ಅಮೆರಿಕದವರು ಮಾಡಿಕೊಂಡ ಹೊಸ ರೂಪ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ, ಅದು ಇಂಗ್ಲೆಂಡಿನ ಹಳೇ ರೂಪ. ಅಲ್ಲಿಂದ ವಲಸೆ ಹೋದವರ ಜೊತೆ ಅಮೆರಿಕಕ್ಕೆ ಹೋಗಿ ಉಳಿದುಕೊಂಡಿತು, ತವರಿನಲ್ಲಿ ಬಹುಮಟ್ಟಿಗೆ ಬಿಟ್ಟು ಹೋಯ್ತು. 'ಫರ್‌ಗಾಟನ್' ಮಾತ್ರ ಎರಡೂ ಕಡೆ ಉಳಿದಿದೆ ನೋಡು. 'ಗೆಟ್' ಪದ ಸ್ವತಃ ಇಂಗ್ಲೆಂಡಿನದ್ದಲ್ಲ ಅನ್ನೋದು ಇನ್ನೊಂದು ತಮಾಷೆ. ವೈಕಿಂಗರು ಅಲ್ಲಿ ನೆಲೆ ನಿಂತ ಕಾಲದಲ್ಲಿ ಅವರ ಹಳೆಯ ನಾರ್ಸ್ ಭಾಷೆಯಿಂದ ಬಂದು ಸೇರಿದ್ದು. ಅಮೆರಿಕದವರು ಈ ಎರಡು ರೂಪಗಳಲ್ಲಿ ಭೇದವನ್ನೂ ಮಾಡ್ತಾರೆ. 'ಐ ಹ್ಯಾವ್ ಗಾಟ್ ಎ ಕಾರ್' ಅಂದರೆ ನನ್ನ ಹತ್ತಿರ ಕಾರು ಇದೆ. 'ಐ ಹ್ಯಾವ್ ಗಾಟನ್ ಎ ಕಾರ್' ಅಂದರೆ ಕಾರು ತಗೊಂಡಿದ್ದೇನೆ. ನಮ್ಮಲ್ಲಿ ಪಾಠ ನಡೆಯೋದು ಬ್ರಿಟಿಷ್ ಪದ್ಧತಿಯಲ್ಲಿ, ಆದ್ದರಿಂದ ಪರೀಕ್ಷೆಯಲ್ಲಿ 'ಗಾಟ್' ಸಾಕು.

ಮಂಡಿಪೇಟೆ:

ಅಂದರೆ 'ಹ್ಯಾವ್ ಗಾಟ್' ಅಂದಾಗ ಏನೂ ಸಿಕ್ಕೇ ಇರಲ್ಲ, ಬರೀ ಇರುತ್ತೆ. 'ನನಗೆ ಇಬ್ಬರು ಅಣ್ಣಂದಿರು' ಅನ್ನೋಕೆ 'ಐ ಹ್ಯಾವ್ ಗಾಟ್ ಟೂ ಬ್ರದರ್ಸ್'. ಸರಿ ಬಿಡಿ, 'ಸಿಗು' ಒಂದರಲ್ಲೇ ಮುಗಿಯಲ್ಲ, ಒಪ್ಪಿದೆ.

ಹದಡಿ ರೋಡ್:

ಮೇಷ್ಟ್ರೇ, ಅಕ್ಕ, ಸೀಲಿನ ಬಗ್ಗೆ ಅವನಿಗೆ ಹೀಗೆ ಕಳಿಸ್ತಿದ್ದೇನೆ, ಒಂದು ಸಲ ನೋಡಿ: 'ವಿ ಹ್ಯಾವ್ ಗಾಟ್ ದಿ ಸೀಲ್ಸ್ ಚೆಕ್ಡ್ ಯೆಸ್ಟರ್ಡೇ. ಯೂ ವಿಲ್ ಗೆಟ್ ದಿ ರಿಪೋರ್ಟ್ ಟುಮಾರೋ.' ಓನರ್ ಪಕ್ಕದಲ್ಲೇ ನಿಂತಿದ್ದಾರೆ.

ಹೊಳಲ್ಕೆರೆ ಮೇಷ್ಟ್ರು:

'ಯೆಸ್ಟರ್ಡೇ' ಇರೋದರಿಂದ 'ಹ್ಯಾವ್' ತೆಗೀರಿ. 'ವಿ ಗಾಟ್ ದಿ ಸೀಲ್ಸ್ ಚೆಕ್ಡ್ ಯೆಸ್ಟರ್ಡೇ' ಅಂತ ಬರೀರಿ. ಎರಡನೇ ಸಾಲು ಸರಿ ಇದೆ, ಕಳಿಸಿ.